ಅಂಟು ತಾರದ ನೊಣ, ಬಿರುಕು ಮುಚ್ಚುವ ಕೈ

ಕೊಡಗಿನಿಂದ ಶಿರಸಿಯವರೆಗೆ ಕಾಫಿ, ಅಡಿಕೆ ತೋಟಗಳಲ್ಲಿ ಪೆಟ್ಟಿಗೆಯೊಳಗೆ ಸಾಕುವ ಜೇನೆಂದರೆ ಮುಖ್ಯವಾಗಿ ತುಡುವೆ. ಮರದ ಪೊಟರೆ, ಹುತ್ತ, ಕಲ್ಲುಗೋಡೆಯ ಸಂದು, ಹೀಗೆ ಕತ್ತಲಿರುವಲ್ಲೆಲ್ಲ ಸಾಲಾಗಿ ಎರಿ ಕಟ್ಟುವ ನೊಣ ಇದು. ಸಾಕುವವರು ಮೊದಲು ಅರಿಯಬೇಕಾದ ಗುಣವೊಂದು ಇದಕ್ಕಿದೆ. ಯುರೋಪಿನ ಮೆಲ್ಲಿಫೆರಾ ಜೇನು ಮರದ ಅಂಟು ತಂದು ಗೂಡಿನ ಬಿರುಕನ್ನು ತಾನೇ ಮುಚ್ಚಿಕೊಳ್ಳುತ್ತದೆ. ನಮ್ಮ ಪುಟ್ಟ ಮುಜಂಟಿ ಜೇನೂ ಬಾಗಿಲಿಗೆ ಅಂಟಿನ ಕೊಳವೆ ಕಟ್ಟುತ್ತದೆ. ತುಡುವೆ ಅಂಟು ತರುವುದಿಲ್ಲ. ಪೆಟ್ಟಿಗೆ ಸೀಳಿದರೆ ಸೀಳು ಹಾಗೆಯೇ ಉಳಿಯುತ್ತದೆ. ಅದರಿಂದ ನುಸುಳುವ ಶತ್ರುಗಳ ಕಾಟ ಮಿತಿಮೀರಿದರೆ ಎರಿ, ಮರಿ ಎಲ್ಲವನ್ನೂ ಬಿಟ್ಟು ಇಡೀ ಕುಟುಂಬ ಹಾರಿಹೋಗುತ್ತದೆ. ಹಾಗಾಗಿ ರಿಪೇರಿಯ ಹೊಣೆ ಪೂರ್ತಿಯಾಗಿ ಸಾಕುವವರದು.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ತಿರುಚಿರಾಪಳ್ಳಿ ಕಡೆ ಪಾದ್ರಿ ನ್ಯೂಟನ್ ತುಡುವೆಯ ಮೈಗೆ ಒಪ್ಪುವಂತೆ ರೂಪಿಸಿದ ಚಿಕ್ಕ ಪೆಟ್ಟಿಗೆ ಇಂದಿಗೂ ನಮ್ಮಲ್ಲಿ ಬಳಕೆಯಲ್ಲಿದೆ. ಕೆಳಗೆ ಅಡಿಹಲಗೆ, ಅದರ ಮೇಲೆ ಮರಿಗಳಿರುವ ಸಂಸಾರ ಕೋಣೆ, ಅದಕ್ಕೂ ಮೇಲೆ ಜೇನು ಕೋಣೆ, ಮುಚ್ಚಳ. ಎರಿಗಳ ನಡುವೆ, ಗೋಡೆಯ ಬದಿಯಲ್ಲಿ ನೊಣ ಓಡಾಡುವಷ್ಟೇ, ಅಂದರೆ ಸುಮಾರು 8 ಮಿಲಿಮೀಟರ್ ಜಾಗ ಇರಬೇಕು. ಜಾಗ ದೊಡ್ಡದಾದರೆ ನೊಣ ಅಲ್ಲಿ ಅಡ್ಡಾದಿಡ್ಡಿ ಎರಿ ಕಟ್ಟುತ್ತದೆ. ಸಣ್ಣದಾದರೆ ಅದು ಹೋಗಲಾರದ ಮೂಲೆಯಾಗುತ್ತದೆ, ಅಲ್ಲಿ ಮೇಣದ ಹುಳು ಸೇರಿಕೊಳ್ಳುತ್ತದೆ.

ಮೇಣದ ಹುಳುವನ್ನು ನಾನು ಎಲ್ಲಕ್ಕಿಂತ ಮೊದಲ ಶತ್ರುವೆನ್ನುತ್ತೇನೆ. ಬೂದು ಬಣ್ಣದ ಪತಂಗವೊಂದು ರಾತ್ರಿ ಒಳನುಗ್ಗಿ ಸಂದುಗಳಲ್ಲಿ ಮೊಟ್ಟೆಯಿಟ್ಟು ಹೋಗುತ್ತದೆ. ಪತಂಗ ಏನನ್ನೂ ತಿನ್ನುವುದಿಲ್ಲ, ಹಾನಿಯೆಲ್ಲ ಮರಿಹುಳುವಿನದು. ಅಡಿಹಲಗೆಯ ಮೇಲೆ ಉದುರಿದ ಮೇಣದ ಪುಡಿಯಲ್ಲಿ ಬೆಳೆದು ಎರಿಯೊಳಗೆ ಸುರಂಗ ಕೊರೆಯುತ್ತದೆ, ಹಿಂದೆಯೇ ರೇಷ್ಮೆಯಂಥ ಬಲೆ ನೇಯುತ್ತದೆ. ಹೊಸ ಬಿಳಿ ಎರಿ ಅದಕ್ಕೆ ಅಷ್ಟು ರುಚಿಸದು. ಹಲವು ತಲೆಮಾರು ಮರಿಗಳು ಬೆಳೆದು ಕಪ್ಪಾದ ಎರಿಯಲ್ಲಿ ಪರಾಗವೂ ಮರಿಗಳ ಪೊರೆಯೂ ಉಳಿದಿರುತ್ತವೆ, ಅದೇ ಅದರ ಊಟ. ಕೊನೆಗೆ ಪೆಟ್ಟಿಗೆಯ ಮರವನ್ನೇ ದೋಣಿಯಾಕಾರದಲ್ಲಿ ಕೆರೆದು ಗೂಡು ಕಟ್ಟಿಕೊಳ್ಳುತ್ತದೆ. ಹಳೆ ಪೆಟ್ಟಿಗೆಯ ಒಳಗೋಡೆಯಲ್ಲಿ ಅಂಥ ಗುಳಿಗಳ ಸಾಲು ಕಂಡರೆ ಅಲ್ಲಿ ಹಿಂದೊಮ್ಮೆ ಹುಳು ಗೆದ್ದಿತ್ತೆಂದೇ ತಿಳಿಯಬೇಕು.

ಅಡಿಹಲಗೆಯನ್ನು ವಾರಕ್ಕೊಮ್ಮೆ ಕೆರೆದು ಒರೆಸಿದರೆ ಈ ಕಾಟ ಎಷ್ಟೋ ಕಡಿಮೆಯಾಗುತ್ತದೆ. ಮಳೆಗಾಲದಲ್ಲಿ ಹೂವಿಲ್ಲದೆ ಕುಟುಂಬ ಸಣ್ಣದಾದಾಗ, ನೊಣ ಮುಚ್ಚಿ ಕೂರಲಾರದ ಎರಿಗಳನ್ನು ತೆಗೆದುಬಿಡಬೇಕು. ಅವುಗಳನ್ನು ಮೂಲೆಯಲ್ಲಿ ಪೇರಿಸಿಟ್ಟರೆ ಹುಳುವಿನ ಸಾಕಣೆಯಾಗುತ್ತದೆ. ಕರಗಿಸಿ ಮೇಣ ತೆಗೆಯುವುದೇ ಸರಿ. ಹುಳು ಬಿದ್ದ ಪೆಟ್ಟಿಗೆಯನ್ನು ಖಾಲಿ ಮಾಡಿ, ಕೆರೆದು, ಒಳಗೋಡೆಗೆ ಬೆಂಕಿಯ ಉರಿ ಹಾಯಿಸಿ, ಬಿಸಿಲಿಗಿಟ್ಟು ಮತ್ತೆ ಬಳಸಬಹುದು. ಮೂಲೆಯ ಸೀಳುಗಳಿಗೆ ಕರಗಿಸಿದ ಮೇಣ ತುಂಬಬೇಕು, ಸೊಟ್ಟಗಾದ ಹಲಗೆ ಬದಲಿಸಬೇಕು. ಬಣ್ಣ ಹೊರಗಡೆಗೆ ಮಾತ್ರ.

ಮುರಿದ ಎರಿ ಕಟ್ಟುವುದಂತೂ ನೋಡಲೇ ಚೆಂದದ ಕೈಕೆಲಸ. ಮರಿಯಿರುವ ಎರಿಯನ್ನು ಚೌಕಟ್ಟಿನ ಅಳತೆಗೆ ಕತ್ತರಿಸಿ, ಮೇಲ್ಪಟ್ಟಿಗೆ ತಾಗಿಸಿ ಬಾಳೆನಾರಿನಿಂದ ಬಿಗಿಯುತ್ತಾರೆ. ನೊಣಗಳು ಮೇಣ ಹಚ್ಚಿ ಎರಿಯನ್ನು ಕೂಡಿಸಿಕೊಂಡ ಬಳಿಕ ನಾರನ್ನು ತಾವೇ ಕಚ್ಚಿ ಹೊರಹಾಕುತ್ತವೆ.

ಕಡಜದ ಕಾಟ ಹಗಲಿನದು. ಬಾಗಿಲ ಮುಂದೆ ತೇಲುತ್ತ ನಿಂತು ಮರಳುವ ನೊಣಗಳನ್ನು ಹಿಡಿಯುತ್ತದೆ. ಬಲವಿರುವ ತುಡುವೆ ಕುಟುಂಬ ಕಡಜವನ್ನು ಮುತ್ತಿ, ಮೈ ಅದುರಿಸಿ ಶಾಖವೆಬ್ಬಿಸಿ ಕೊಲ್ಲುತ್ತದೆ. ಜಪಾನಿನ ತುಡುವೆಗಳಲ್ಲಿ ಆ ಮುತ್ತಿಗೆಯೊಳಗಿನ ಶಾಖ 46 ಡಿಗ್ರಿ ದಾಟುವುದನ್ನು ಅಳೆದಿದ್ದಾರೆ. ಸೊರಗಿದ ಕುಟುಂಬಕ್ಕೆ ಆ ಶಕ್ತಿಯಿಲ್ಲ, ಅದಕ್ಕೆ ನೊಣ ನುಸುಳಿ ಕಡಜ ನುಸುಳಲಾರದಷ್ಟು ಕಿರಿದಾದ ಬಾಗಿಲು ಬೇಕು. ಇರುವೆಗೆ ಉಪಾಯ ಸುಲಭ: ಸ್ಟ್ಯಾಂಡಿನ ಕಾಲಿಗೆ ನೀರಿನ ಬಟ್ಟಲು, ಪೆಟ್ಟಿಗೆಗೆ ತಾಗದಂತೆ ಸವರಿದ ರೆಂಬೆ. ಒಂದೇ ಒಂದು ಎಲೆ ತಾಗಿದರೂ ಚಗಳಿ ಇರುವೆಗೆ ಅದು ಸೇತುವೆ.

ಹಕ್ಕಿಗಳ ಮೇಲಿನ ಸಿಟ್ಟು ಮಾತ್ರ ಅತಿಯಾದದ್ದು. ತಂತಿಯ ಮೇಲೆ ಕೂತ ಕಳ್ಳಿಪೀರ ನೊಣವನ್ನು ಹಿಡಿದು, ಕೊಂಬೆಗೆ ಬಡಿದು, ಮುಳ್ಳು ಉಜ್ಜಿ ತೆಗೆದು ನುಂಗುತ್ತದೆ. ಕಾಜಾಣವೂ ಹಿಡಿಯುತ್ತದೆ. ಆದರೆ ಸಿಗುವುದು ಹೊರಗೆ ದುಡಿಯುವ ಹಿರಿಯ ನೊಣ, ಅದಕ್ಕೆ ಉಳಿದಿರುವುದೇ ಕೆಲವು ದಿನಗಳ ಆಯುಸ್ಸು. ಇದೇ ಕಳ್ಳಿಪೀರ ಕಡಜವನ್ನೂ ತಿನ್ನುತ್ತದೆ. ನಿಜವಾದ ಅಪಾಯ ಬೇರೆ: ಹುಟ್ಟಿದ ಕೆಲವೇ ದಿನಗಳಲ್ಲಿ ಗಂಡು ನೊಣಗಳನ್ನು ಕೂಡಲು ಹಾರುವ ಹೊಸ ರಾಣಿ ಹಕ್ಕಿಯ ಬಾಯಿಗೆ ಬಿದ್ದರೆ, ಮತ್ತೊಂದು ರಾಣಿ ಬೆಳೆಸಲು ಎಳೆಯ ಮರಿಗಳಿಲ್ಲದೆ ಕುಟುಂಬವೇ ಮುಗಿಯುತ್ತದೆ. ಆದ್ದರಿಂದ ಕುಟುಂಬ ಪಾಲು ಮಾಡಿ ಹೊಸ ರಾಣಿ ಬೆಳೆಯುತ್ತಿರುವ ಪೆಟ್ಟಿಗೆಗಳನ್ನು ತಂತಿ, ಬೋಳು ಕೊಂಬೆಗಳಿಂದ ದೂರ, ಮರದ ನೆರಳಲ್ಲಿಡಬೇಕು. ಶ್ರೀರಂಗಪಟ್ಟಣದ ಬಳಿಯ ನಗುವನಹಳ್ಳಿಯಲ್ಲಿ ನೀಲಿಬಾಲದ ಕಳ್ಳಿಪೀರಗಳು ಮಣ್ಣು ಕೊರೆದು ಮರಿ ಮಾಡುವ ತಾಣವನ್ನು ಸಂರಕ್ಷಿಸಿದ್ದಾರೆ. ಅವನ್ನು ಹೊಡೆಯುವುದು ಕಾನೂನಿಗೂ ವಿರುದ್ಧ, ನ್ಯಾಯಕ್ಕೂ ವಿರುದ್ಧ.

ಅಜಾಗರೂಕತೆಯ ಬೆಲೆ ಏನೆಂದು 1991-92ರಲ್ಲಿ ಮಲೆನಾಡು ಕಂಡಿದೆ. ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗಕ್ಕೆ ದಕ್ಷಿಣ ಭಾರತದ ತುಡುವೆ ಕುಟುಂಬಗಳಲ್ಲಿ ಬಹುಪಾಲು ನಾಶವಾದವು. ರೋಗದ ಪೆಟ್ಟಿಗೆಯ ಎರಿಯನ್ನು ಇನ್ನೊಂದಕ್ಕೆ ಹಾಕಬಾರದೆಂಬ, ಒಂದರಲ್ಲಿ ಆಡಿದ ಕೈ ತೊಳೆಯದೆ ಮತ್ತೊಂದನ್ನು ಮುಟ್ಟಬಾರದೆಂಬ ಎಚ್ಚರವನ್ನು ಯಾರೂ ಮರೆಯಬಾರದು.

ಈ ಕೆಲಸ ಕಲಿಯಲು ಬಯಸುವವರಿಗೆ ಭಾಗಮಂಡಲದ ಜೇನು ಕೃಷಿ ತರಬೇತಿ ಕೇಂದ್ರವಿದೆ, ತೋಟಗಾರಿಕೆ ಇಲಾಖೆಯೂ ಮಾರ್ಗದರ್ಶನ ಮಾಡುತ್ತದೆ. ಈಗಾಗಲೇ ಪೆಟ್ಟಿಗೆ ಇಟ್ಟವರಲ್ಲಿ ಒಂದೇ ಕೋರಿಕೆ: ಮುಂಗಾರು ಹಿಡಿಯುವ ಮುನ್ನ ಒಮ್ಮೆ ಮುಚ್ಚಳ ತೆರೆದು, ಕಪ್ಪು ಎರಿ ತೆಗೆದು, ಸೀಳುಗಳಿಗೆ ಮೇಣ ತುಂಬಿ, ನೊಣಗಳಿಗೆ ಬೇಕಾದಷ್ಟು ಜೇನನ್ನು ಪೆಟ್ಟಿಗೆಯಲ್ಲೇ ಉಳಿಸಿಡಿ.