ತಾನೇ ಬರೆದದ್ದು

ಜೋತಿಬಾ ಫುಲೆ ತಮ್ಮ ‘ಗುಲಾಮಗಿರಿ’ಯನ್ನು (1873) ಕರಿಯರ ಬಿಡುಗಡೆಗೆ ದುಡಿದ ಅಮೆರಿಕನ್ನರಿಗೆ ಅರ್ಪಿಸಿದರು. ಹಾಗಾಗಿ ಆ ಚಳವಳಿ ನಮಗೆ ದೂರದ್ದೇನಲ್ಲ. ಆದರೆ ಅದರ ಸಾಹಿತ್ಯ ಎಂದಕೂಡಲೇ ನಮಗೆ ಹೊಳೆಯುವುದು ಹ್ಯಾರಿಯೆಟ್ ಬೀಚರ್ ಸ್ಟೋವ್‌ಳ ‘ಅಂಕಲ್ ಟಾಮ್ಸ್ ಕ್ಯಾಬಿನ್’ (1852). ಅದು ಬಿಳಿಯ ಹೆಣ್ಣುಮಗಳೊಬ್ಬಳ ಮರುಕದಿಂದ ಹುಟ್ಟಿದ ಕಾದಂಬರಿ. ಆ ಮರುಕ ಪ್ರಾಮಾಣಿಕವಾದದ್ದೇ. ಆದರೆ ಮರುಕಕ್ಕೆ ಪಾತ್ರರಾದವರು ತಾವೇ ಲೇಖನಿ ಹಿಡಿದಾಗ ಏನಾಯಿತು? ಹ್ಯಾರಿಯೆಟ್ ಜೇಕಬ್ಸ್‌ಳನ್ನು ನೋಡೋಣ.

ಈಕೆ 1813ರಲ್ಲಿ ಉತ್ತರ ಕೆರೊಲಿನಾದ ಈಡೆಂಟನ್‌ನಲ್ಲಿ ಗುಲಾಮಳಾಗಿಯೇ ಹುಟ್ಟಿದವಳು. ತನ್ನ ಮೇಲೆ ಒಡೆತನ ನಡೆಸುತ್ತಿದ್ದ ವೈದ್ಯನ ಕಾಮದ ಕಾಟ ತಾಳಲಾರದೆ ಅಜ್ಜಿಯ ಮನೆಯ ಅಟ್ಟದಲ್ಲಿ ಹೆಚ್ಚುಕಡಿಮೆ ಏಳು ವರ್ಷ ಅಡಗಿ ಕೂತಳು. ಒಂಬತ್ತು ಅಡಿ ಉದ್ದ, ಏಳು ಅಡಿ ಅಗಲ, ಎತ್ತರ ಹೆಚ್ಚೆಂದರೆ ಮೂರಡಿ. ನಿಲ್ಲೋದಕ್ಕೂ ಆಗದ ಜಾಗ. ಒಂದು ಸಣ್ಣ ತೂತಿನಿಂದ ತನ್ನ ಮಕ್ಕಳನ್ನು ನೋಡಬಹುದಿತ್ತು, ಕರೆಯುವಂತಿರಲಿಲ್ಲ. 1842ರಲ್ಲಿ ಉತ್ತರಕ್ಕೆ ಪಾರಾದಳು.

ತನ್ನ ಕತೆ ಬರೆಯಲು ನೆರವು ಕೋರಿ ಗೆಳತಿಯೊಬ್ಬಳಿಂದ ಸ್ಟೋವ್‌ಗೆ ಕಾಗದ ಬರೆಸಿದಳು. ಸ್ಟೋವ್ ಆ ಕಾಗದವನ್ನು, ಇದು ನಿಜವೋ ಅಲ್ಲವೋ ತಿಳಿಸಿ ಅಂತ, ಜೇಕಬ್ಸ್ ಕೆಲಸಕ್ಕಿದ್ದ ಮನೆಯೊಡತಿಗೇ ಕಳಿಸಿಬಿಟ್ಟಳು. ನಿಜವಾದರೆ ತನ್ನ ಮುಂದಿನ ಪುಸ್ತಕಕ್ಕೆ ಬಳಸಿಕೊಳ್ಳುವ ಇರಾದೆ ಅವಳದ್ದು. ಇನ್ನೊಬ್ಬರ ಪುಸ್ತಕದಲ್ಲಿ ಉದಾಹರಣೆಯಾಗಲು ಜೇಕಬ್ಸ್ ಒಪ್ಪಲಿಲ್ಲ. ಹಗಲು ಆ ಮನೆಯ ಮಕ್ಕಳನ್ನು ನೋಡಿಕೊಂಡು ರಾತ್ರಿ ತಾನೇ ಬರೆದಳು.

1861ರಲ್ಲಿ ಬಂದ ‘ಇನ್ಸಿಡೆಂಟ್ಸ್ ಇನ್ ದ ಲೈಫ್ ಆಫ್ ಎ ಸ್ಲೇವ್ ಗರ್ಲ್’ನ ಶೀರ್ಷಿಕೆ ಪುಟದಲ್ಲಿ ಸಂಪಾದಕಿ ಲಿಡಿಯಾ ಮರಿಯಾ ಚೈಲ್ಡ್ ಹೆಸರಿದೆ. ಲೇಖಕಿಯ ಹೆಸರಿಲ್ಲ, ತಾನೇ ಬರೆದದ್ದು ಎಂಬ ಒಕ್ಕಣೆ ಮಾತ್ರ ಇದೆ. ಒಳಗೆ ನಿರೂಪಕಿಗೆ ಲಿಂಡಾ ಬ್ರೆಂಟ್ ಎಂಬ ಮರೆಹೆಸರು. ಹೆಸರು ಮರೆಸಿದಳೇ ಹೊರತು ಬದುಕನ್ನು ಮರೆಸಲಿಲ್ಲ. ಒಡೆಯನಿಂದ ತಪ್ಪಿಸಿಕೊಳ್ಳಲು ಮತ್ತೊಬ್ಬ ಬಿಳಿಯನನ್ನು ಕೂಡಿ ಇಬ್ಬರು ಮಕ್ಕಳನ್ನು ಪಡೆದದ್ದನ್ನೂ ಹೇಳಿದಳು. ತನ್ನ ಮೈಮೇಲೆ ತನಗೇ ಹಕ್ಕಿಲ್ಲದವಳನ್ನು, ಹಕ್ಕಿದ್ದವರ ಶೀಲದ ಅಳತೆಗೋಲಿನಿಂದ ಅಳೆಯುವುದು ನ್ಯಾಯವಲ್ಲ ಎಂಬುದು ಆಕೆಯ ವಾದ. ಸ್ಟೋವ್‌ಳ ಮರುಕಕ್ಕೆ ಎಟುಕದ ಮಾತು ಇದು.

ಆಮೇಲೆ? ಗುಲಾಮಳೊಬ್ಬಳು ಹೀಗೆ ಬರೆಯೋದುಂಟೇ, ಇದು ಚೈಲ್ಡ್ ಕಟ್ಟಿದ ಕತೆಯೇ ಇರಬೇಕು ಅಂತ ಇಪ್ಪತ್ತನೆಯ ಶತಮಾನದ ಎಷ್ಟೋ ವಿದ್ವಾಂಸರು ಪಕ್ಕಕ್ಕಿಟ್ಟರು. 1981ರಲ್ಲಿ ಜೀನ್ ಫೇಗನ್ ಯೆಲಿನ್ ಎಂಬ ವಿದ್ವಾಂಸೆ ಜೇಕಬ್ಸ್ ಬರೆದ ಕಾಗದಗಳನ್ನೇ ಮುಂದಿಟ್ಟು ಆಕೆಯೇ ಲೇಖಕಿ ಎಂದು ಸಾಬೀತು ಮಾಡಿದರು. ಪುಸ್ತಕದ ಮೊದಲ ಪುಟದಲ್ಲೇ ಇದ್ದ ಮಾತನ್ನು ನಂಬಲು ನೂರಿಪ್ಪತ್ತು ವರ್ಷ ಬೇಕಾಯಿತು.

ವಿಮರ್ಶೆ ಮಾಡುವ ನಾವೂ ಕೇಳಿಕೊಳ್ಳಬೇಕಾದ ಪ್ರಶ್ನೆ ಇಲ್ಲಿದೆ. ‘ಇದನ್ನು ಇವಳೇ ಬರೆದಳಾ?’ ಎಂಬ ಅನುಮಾನ ನಮಗೆ ಯಾರ ಪುಸ್ತಕ ಹಿಡಿದಾಗ ಬರುತ್ತದೆ, ಯಾರ ಪುಸ್ತಕ ಹಿಡಿದಾಗ ಬರುವುದಿಲ್ಲ?