ಬಂಡೆಸಂದಿನ ಜರೀಗಿಡಗಳು

ಜರೀಗಿಡ ಎಂದೊಡನೆ ಆಗುಂಬೆ, ಕುದುರೆಮುಖ, ಕೊಡಗು ಕಣ್ಣಮುಂದೆ ಬರುತ್ತವೆ. ವರ್ಷಕ್ಕೆ 7,000 ಮಿ.ಮೀ.ಗೂ ಹೆಚ್ಚು ಮಳೆ ಸುರಿಯುವ ಆಗುಂಬೆಯ ಕಡೆ ಆಳೆತ್ತರ ಮೀರಿದ ಮರಜರಿಗಳೇ ಇರುವಾಗ ಅದು ಸಹಜವೂ ಹೌದು. ಅದರ ಏಳನೇ ಒಂದು ಪಾಲು ಮಳೆಯನ್ನೂ ಕಾಣದ ಯಾದಗಿರಿ, ಶಹಾಪುರ, ಸುರಪುರದಂಥ ಸೀಮೆಯ ಗುಡ್ಡಗಳಿಗೆ ಒಗ್ಗಿದ ಜರೀಗಿಡಗಳೂ ಇವೆ. ಸಸ್ಯವಿಜ್ಞಾನಿಗಳನ್ನು ಹೆಚ್ಚು ಸತಾಯಿಸಿದ್ದು ಈ ಗೇಣುದ್ದದ ಒಣಬೆಟ್ಟದ ಬಳಗವೇ.

ಜರೀಗಿಡಕ್ಕೆ ಹೂವಿಲ್ಲ, ಬೀಜವಿಲ್ಲ. ಎಲೆಯ ಅಡಿಯಲ್ಲಿ ಬೀಜಾಣುಗಳ ಚೀಲಗಳಿರುತ್ತವೆ. ಉದುರಿದ ಬೀಜಾಣು ಮೊದಲು ಉಗುರಿಗಿಂತ ಚಿಕ್ಕದಾದ ಹಸಿರು ಹಾಳೆಯಾಗುತ್ತದೆ. ಆ ಹಾಳೆಯ ಮೇಲೆ ಗಂಡು ಕೋಶ ನೀರಿನಲ್ಲಿ ಈಜಿ ಹೋಗಿ ಹೆಣ್ಣು ಕೋಶವನ್ನು ಸೇರಿದರೆ ಮಾತ್ರ ಹೊಸ ಗಿಡ. ಅಂದಮೇಲೆ ಏಪ್ರಿಲ್‌ನಲ್ಲಿ ಕಾಲಿಡಲಾಗದಷ್ಟು ಕಾಯುವ ಕಲ್ಲಿನ ನಡುವೆ ಇವು ಬಾಳುವುದು ಹೇಗೆ?

ಅರ್ಧ ಉತ್ತರ ಕಲ್ಲಿನಲ್ಲೇ ಇದೆ. ಶಹಾಪುರದ ಮಲಗಿದ ಬುದ್ಧನ ಬೆಟ್ಟವನ್ನಾಗಲಿ ಸುರಪುರದ ಗುಡ್ಡಗಳನ್ನಾಗಲಿ ನೋಡಿ: ಒಂದರ ಮೇಲೊಂದು ಕುಳಿತ ಗ್ರಾನೈಟ್ ಬಂಡೆಗಳು. ಬಂಡೆ ನೀರು ಕುಡಿಯುವುದಿಲ್ಲ. ಅದರ ಮೈಮೇಲೆ ಬಿದ್ದ ಮಳೆಯೆಲ್ಲ ಹರಿದು ಸಂದಿಗೆ ಇಳಿಯುತ್ತದೆ. ಹಾಗಾಗಿ ಬೊಗಸೆಯಷ್ಟು ಮಣ್ಣಿರುವ ಒಂದು ಸಂದಿಗೆ ಪಕ್ಕದ ಬಯಲಿಗಿಂತ ಎಷ್ಟೋ ಪಟ್ಟು ನೀರು ಸಿಗುತ್ತದೆ, ಮೇಲೆ ನೆರಳೂ ಇರುತ್ತದೆ. ಬಿಸಿಲು ಕಡಿಮೆ ಬೀಳುವ ಬಡಗಣ ಮೈಯಾದರೆ ಇನ್ನೂ ಅನುಕೂಲ. ಮಳೆಯ ಲೆಕ್ಕವನ್ನು ತಾಲ್ಲೂಕಿಗೊಂದರಂತೆ ಇಡುತ್ತೇವೆ; ಜರೀಗಿಡದ ಪಾಲಿಗೆ ಸಂದಿಗೊಂದು ಹವಾಮಾನ.

ಇನ್ನರ್ಧ ಉತ್ತರ ಗಿಡದಲ್ಲಿದೆ. ದಖ್ಖನಿನ ಬಂಡೆಗಳ ನಡುವೆ ಬೆಳೆಯುವ ನವಿಲುಶಿಖೆಯನ್ನು ತೆಗೆದುಕೊಳ್ಳಿ. ವೈದ್ಯರ ಬಾಯಲ್ಲಿ ಮಯೂರಶಿಖೆ, ವಿಜ್ಞಾನಿಗಳಿಗೆ ಆಕ್ಟಿನಿಯಾಪ್ಟೆರಿಸ್ ರೇಡಿಯಾಟ. ನೋಡಲು ಗೇಣುದ್ದದ ತಾಳೆಮರ. ಬೇಸಿಗೆಯಲ್ಲಿ ಎಲೆ ಮುದುಡಿ, ಕಂದಾಗಿ, ಸತ್ತೇಹೋಯಿತು ಅನ್ನಿಸುತ್ತದೆ. ಮಿರಗದ ಮಳೆ ಬಿದ್ದರೆ ಅದೇ ಎಲೆ ನೀರು ಹೀರಿ ಬಿಚ್ಚಿಕೊಂಡು ಮತ್ತೆ ಹಸಿರಾಗುತ್ತದೆ. ಹೊಸ ಎಲೆ ಚಿಗುರುವ ಖರ್ಚು ಉಳಿಯಿತು. ಇಂಥ ಒಣಬಂಡೆಗಳದೇ ಇನ್ನೊಂದು ಜರೀಬಳಗವಾದ ಕೈಲಾಂಥಿಸ್ ಗುಂಪಿನ ಹಲವು ಗಿಡಗಳದು ಇನ್ನೂ ಮುಂದಿನ ಉಪಾಯ: ಗಂಡು-ಹೆಣ್ಣು ಕೋಶಗಳ ಕೂಟವನ್ನೇ ಅವು ಬಿಟ್ಟುಬಿಟ್ಟಿವೆ. ಹಸಿರು ಹಾಳೆಯಿಂದ ನೇರವಾಗಿ ಗಿಡ ಮೂಡುತ್ತದೆ, ಈಜಲು ನೀರು ಬೇಡ. ಇದರ ಗುರುತು ಸೂಕ್ಷ್ಮದರ್ಶಕದಲ್ಲಿ ಸಿಗುತ್ತದೆ. ಸಾಮಾನ್ಯ ಜರೀಗಿಡದ ಚೀಲವೊಂದರಲ್ಲಿ 64 ಬೀಜಾಣುಗಳಿದ್ದರೆ ಇವುಗಳಲ್ಲಿ 32 ಮಾತ್ರ.

ತೊಡಕು ಶುರುವಾಗುವುದು ಹೆಸರಿಡುವಾಗ. ಹಿಂದಿನವರು ರೂಪ ನೋಡಿ, ಅದರಲ್ಲೂ ಎಲೆಯಡಿಯ ಬೀಜಾಣುಚೀಲಗಳ ಜೋಡಣೆ ನೋಡಿ ವಿಂಗಡಿಸಿದರು. ನವಿಲುಶಿಖೆಯನ್ನು ಸ್ವೀಡನ್ನಿನ ಓಲೋಫ್ ಸ್ವಾರ್ಟ್ಸ್ ಆಸ್ಪ್ಲೇನಿಯಂ ಕುಲಕ್ಕೆ ಸೇರಿಸಿದ. 1962ರಲ್ಲಿ ಇಟಲಿಯ ಪಿಕಿ ಸೆರ್ಮೊಲ್ಲಿ ಅದಕ್ಕೆ ಪ್ರತ್ಯೇಕ ಕುಟುಂಬವನ್ನೇ ಕಟ್ಟಿಕೊಟ್ಟ. ಡಿಎನ್‌ಎ ಓದಲು ಬಂದ ಮೇಲೆ ಎರಡೂ ನಿಲ್ಲಲಿಲ್ಲ. 2016ರ ಅಂತರರಾಷ್ಟ್ರೀಯ ವರ್ಗೀಕರಣದಲ್ಲಿ ಅದು ಟೆರಿಡೇಸಿ ಎಂಬ ದೊಡ್ಡ ಕುಟುಂಬದೊಳಗಿದೆ. ಹತ್ತಿರದ ನೆಂಟ ಒನಿಕಿಯಂ. ಹಿಮಾಲಯದಿಂದ ಜಪಾನಿನವರೆಗೆ ಬೆಳೆಯುವ, ಎಲೆಯೆಲ್ಲ ನೂರಾರು ತೆಳು ಎಳೆಗಳಾಗಿ ಒಡೆದ ಗಿಡ. ಪಕ್ಕಪಕ್ಕ ಇಟ್ಟರೆ ಒಂದೇ ಮನೆಯವು ಎಂದು ಯಾರೂ ಹೇಳಲಾರರು.

ಕೈಲಾಂಥಿಸ್ ಗುಂಪಿನಲ್ಲಿ ಆದದ್ದು ಇದರ ತಿರುವುಮುರುವು. ಚಿಕ್ಕ ಎಲೆ, ಮೈಮೇಲೆ ರೋಮ, ಅಂಚು ಒಳಕ್ಕೆ ಮಡಚಿ ಬೀಜಾಣುಚೀಲಗಳನ್ನು ಮುಚ್ಚುವುದು, ಇವೆಲ್ಲ ಬಿಸಿಲು ಕಲಿಸಿದ ಪಾಠಗಳು. ಬೇರೆಬೇರೆ ಖಂಡಗಳಲ್ಲಿ ಬೇರೆಬೇರೆ ಗಿಡಗಳು ತಾವಾಗಿಯೇ ಕಲಿತವು. ಪಂಡಿತರು ಅದನ್ನು ರಕ್ತಸಂಬಂಧವೆಂದು ಬಗೆದು ಎಲ್ಲವನ್ನೂ ಒಂದೇ ಕುಲದಲ್ಲಿ ತುಂಬಿದರು.

ಹಂಚಿಕೆಯ ಕಥೆಯೂ ಇಲ್ಲಿಗೇ ಹೆಣೆದುಕೊಂಡಿದೆ. ನವಿಲುಶಿಖೆಯ ಕುಲದ ಹರವು ಆಫ್ರಿಕ, ಅರೇಬಿಯಗಳಿಂದ ಭಾರತದ ಕಡೆಗೆ ಚಾಚಿದೆ; ನಮ್ಮ ಗುಡ್ಡದ ಗಿಡದ ಬಂಧುಗಳನ್ನು ಮಲೆನಾಡಿನ ಮರಜರಿಗಳಲ್ಲಲ್ಲ, ಆ ಒಣ ಬೆಟ್ಟಗಳಲ್ಲಿ ಹುಡುಕಬೇಕು. ದೂಳಿನಷ್ಟು ಹಗುರವಾದ ಬೀಜಾಣುವಿಗೆ ಗಾಳಿಯಲ್ಲಿ ದೂರ ಹೋಗುವುದು ಕಷ್ಟವಲ್ಲ, ಇಳಿದಲ್ಲಿ ತಕ್ಕ ಸಂದು ಸಿಗುವುದು ಕಷ್ಟ. ಹಾಗೆಂದು ಎಲ್ಲವನ್ನೂ ಒಂದೇ ಎನ್ನುವಂತಿಲ್ಲ. ಕೈಲಾಂಥಿಸ್ ಗುಂಪಿನ, ಎಲೆಯಡಿ ಬಿಳಿ ಪುಡಿ ಬಳಿದಂತಿರುವ ಒಂದು ಗಿಡವನ್ನು ಡೆನ್ಮಾರ್ಕಿನ ಯಾತ್ರೆಯೊಡನೆ ಹೋಗಿ 1763ರಲ್ಲಿ ಯೆಮನ್‌ನಲ್ಲೇ ತೀರಿಕೊಂಡ ಪೀಟರ್ ಫೋರ್ಸ್ಕಾಲ್ ವರ್ಣಿಸಿದ್ದ. ಬದುಕುಳಿದು ಮರಳಿದ ಕಾರ್ಸ್ಟೆನ್ ನೀಬೂರ್ 1775ರಲ್ಲಿ ಆ ಬರಹವನ್ನು ಅಚ್ಚು ಹಾಕಿಸಿದ. ಫರಿನೋಸ ಎಂಬ ಆ ಹೆಸರನ್ನೇ ಭಾರತದ ಬಿಳಿಪುಡಿ ಜರಿಗಳಿಗೂ ಬಹುಕಾಲ ಹಚ್ಚಿದೆವು. ಯೆಮನ್ ಮತ್ತು ಆಫ್ರಿಕದ ಗಿಡವೇ ಬೇರೆ, ಇಲ್ಲಿಯವು ಅಲ್ಯೂರಿಟಾಪ್ಟೆರಿಸ್ ಕುಲದ ಬೇರೆ ಪ್ರಭೇದಗಳು ಎಂದು ಈಗ ಬಿಡಿಸಿದ್ದಾರೆ.

ಜಗಳ ಮುಗಿದಿಲ್ಲ. 2018ರಲ್ಲಿ ಕೆಲವರು ಕೈಲಾಂಥಿಸ್ ಗುಂಪಿನ ಕುಲಗಳನ್ನೆಲ್ಲ ಅಳಿಸಿ ಹೆಮಿಯೊನೈಟಿಸ್ ಎಂಬ ಒಂದೇ ಕುಲದಲ್ಲಿ ಸುರಿದರು. ಹಲವರು ಅದನ್ನು ಒಪ್ಪಿಲ್ಲ, ನನಗೂ ಅದು ಕಪಾಟು ಜೋಡಿಸುವ ಬದಲು ಬಾಗಿಲು ಹಾಕಿದ ಹಾಗೆ ಕಾಣುತ್ತದೆ. ಮಳೆಗಾಲದಲ್ಲಿ ಗುಡ್ಡ ಹತ್ತುವವರು ಗಿಡ ಕೀಳದೆ ಎಲೆಯನ್ನು ಮಗುಚಿ ನೋಡಿ: ಪುಡಿ ಬಿಳಿಯೋ ಹಳದಿಯೋ, ಅಂಚು ಮಡಚಿದೆಯೋ ಇಲ್ಲವೋ, ಬಂಡೆಯ ಯಾವ ದಿಕ್ಕಿನ ಮೈ ಎಂಬುದನ್ನು ಬರೆದಿಟ್ಟುಕೊಳ್ಳಿ. ಹೆಸರಿನ ಚೀಟಿಯನ್ನು ಆಮೇಲೆ ಅಂಟಿಸಬಹುದು.