ಕೋವಿಯ ಮುಖರೋಧಕವೂ ಅದರ ಸಮಾಕ್ಷತೆಯೂ

ಕನ್ನಡದಲ್ಲಿ ‘ಕೋವಿ’ ಎಂಬ ಶಬ್ದಕ್ಕೆ ಕೊಳವೆಯೆಂಬ ಅರ್ಥವೂ ಉಂಟು, ಗುಂಡು ಹಾರಿಸುವ ಆಯುಧವೆಂಬ ಅರ್ಥವೂ ಉಂಟು. ‘ಬಂದೂಕು’, ‘ತುಪಾಕಿ’ ಎಂಬಿವು ಅನ್ಯದೇಶ್ಯಗಳು. ಕೊಳವೆಯೆಂಬ ಅರ್ಥವನ್ನು ಮನಸ್ಸಿನಲ್ಲಿಟ್ಟುಕೊಂಡರೆ ಪ್ರಕೃತವಿಷಯವು ಸುಲಭವಾಗಿ ತಿಳಿಯುವುದು. ರೈಫಲ್ ಕೋವಿಯ ನಳಿಗೆಯ ತುದಿಗೆ ತಿರುಪಿ ಸೇರಿಸತಕ್ಕ, ಪಕ್ಕಗಳಲ್ಲಿ ರಂಧ್ರಗಳುಳ್ಳ ಉಕ್ಕಿನ ಚಿಕ್ಕ ಕೊಳವೆಗೆ ಮಜಲ್ ಬ್ರೇಕ್ ಎಂದು ಹೆಸರು. ಇದನ್ನು ‘ಮುಖರೋಧಕ’ವೆಂದು ಕರೆಯಬಹುದು, ಆದರೆ ಇದು ತಡೆಯುವುದು ಗುಂಡನ್ನಲ್ಲ, ಕೋವಿಯ ಹಿನ್ನೊದೆತವನ್ನು.

ಹಿನ್ನೊದೆತಕ್ಕೆ ಕಾರಣವಿದು: ಮುಂದಕ್ಕೆ ಹೊರಡುವ ದ್ರವ್ಯಕ್ಕೆ ಎಷ್ಟು ಸಂವೇಗವೋ ಅಷ್ಟೇ ಸಂವೇಗವು ಕೋವಿಗೆ ಹಿಮ್ಮುಖವಾಗಿ ಬರುತ್ತದೆ. 10 ಗ್ರಾಂ ತೂಕದ ಗುಂಡು ಸೆಕೆಂಡಿಗೆ 800 ಮೀಟರಿನಂತೆ ಹೊರಟರೆ, ಕಿಲೋಗ್ರಾಂ-ಮೀಟರುಗಳ ಲೆಕ್ಕದಲ್ಲಿ ಅದರ ಸಂವೇಗ 8. ಮೂರು ಗ್ರಾಂ ಮದ್ದು ಉರಿದು ಅನಿಲವಾಗಿ 1200 ಮೀಟರ್ ವೇಗದಿಂದ ಹೊರಬಿದ್ದಿತೆಂದು ಭಾವಿಸಿದರೆ ಅದರದು 3.6. ಇವೆರಡೂ ಸೇರಿ 11.6 ಆಗಲಾಗಿ, 4 ಕಿಲೋಗ್ರಾಂ ತೂಕದ ಕೋವಿಯು 2.9 ಮೀಟರ್ ವೇಗದಿಂದ ಹೆಗಲನ್ನು ಒದೆಯುವುದು. ಗುಂಡಿನ ಪಾಲನ್ನು ಕಡಮೆಮಾಡುವಂತಿಲ್ಲ. ಅನಿಲವನ್ನಾದರೋ ಪಕ್ಕಕ್ಕೆ ಅಥವಾ ಹಿಂದಕ್ಕೆ ತಿರುಗಿಸಬಹುದು. ಮುಖರೋಧಕದ ಕೆಲಸವು ಇಷ್ಟೇ.

ಇದನ್ನು ಕೂಡಿಸುವಲ್ಲಿ ಎರಡು ವಿಧದ ಸರಿಹೊಂದಿಕೆಯು ಅವಶ್ಯಕ. ಮೊದಲನೆಯದು ಸಮಾಕ್ಷತೆ, ಎಂದರೆ ನಳಿಗೆಯ ನಡುಗೆರೆಯೂ ರೋಧಕದ ನಡುಗೆರೆಯೂ ಒಂದೇ ಆಗಿರುವುದು. 7.82 ಮಿಲಿಮೀಟರ್ ವ್ಯಾಸದ ಗುಂಡಿಗೆ 8.32 ಮಿಲಿಮೀಟರ್ ರಂಧ್ರವಿದ್ದರೆ ಸುತ್ತಲೂ ಉಳಿಯುವ ತೆರಪು 0.25 ಮಿಲಿಮೀಟರ್ ಮಾತ್ರ. ರೋಧಕದ ಉದ್ದವು 60 ಮಿಲಿಮೀಟರಿದ್ದು ಅದು ಕಾಲು ಡಿಗ್ರಿಯಷ್ಟು ಓರೆಯಾದರೂ, ಅದರ ತುದಿಯು ಸುಮಾರು 0.26 ಮಿಲಿಮೀಟರ್ ಸರಿಯುವುದು. ಗುಂಡು ಅಂಚಿಗೆ ತಗಲುವುದು. ಕಣ್ಣಿಗೆ ಕಾಣದ ಈ ಓರೆಯಿಂದ ಗುರಿ ತಪ್ಪುವುದಲ್ಲದೆ ರೋಧಕವೇ ಕಿತ್ತುಹೋಗಿ ಹತ್ತಿರವಿದ್ದವರಿಗೆ ಅಪಾಯವೂ ಸಂಭವಿಸಬಹುದು. ಆದುದರಿಂದ ತಿರುಪಿನ ಸುತ್ತುಗಳನ್ನು ನಳಿಗೆಯ ಹೊರಮೈಯನ್ನು ನೋಡಿ ಕೊರೆಯದೆ ಒಳರಂಧ್ರವನ್ನೇ ಪ್ರಮಾಣವಾಗಿಟ್ಟುಕೊಂಡು ಕೊರೆಯಬೇಕು. ರೋಧಕವು ಒತ್ತಿ ನಿಲ್ಲುವ ಅಂಚು ನಡುಗೆರೆಗೆ ಲಂಬವಾಗಿರಬೇಕು. ಪರೀಕ್ಷೆಗಾಗಿ, ಕೋವಿಯಲ್ಲಿ ತೋಟವಿಲ್ಲವೆಂದು ನಿಶ್ಚಯಿಸಿಕೊಂಡು, ನಳಿಗೆಗೆ ಬಿಗಿಯಾಗಿ ಹೊಂದುವ ನೇರವಾದ ಉಕ್ಕಿನ ಸಲಾಕೆಯನ್ನು ತುದಿಯಿಂದ ತೂರಿಸಿ ನೋಡುವರು. ಸಲಾಕೆಯ ಸುತ್ತ ತೆರಪು ಸಮನಾಗಿದ್ದರೆ ರೋಧಕವು ಸರಿ. ಒಂದು ಕಡೆ ಕಿರಿದಾಗಿದ್ದರೆ ಗುಂಡು ಹಾರಿಸಕೂಡದು.

ಎರಡನೆಯದು ರಂಧ್ರಗಳ ದಿಕ್ಕು. ರಂಧ್ರಗಳು ಎಡಬಲಗಳಲ್ಲಿ ಸಮವಾಗಿಲ್ಲದೆ ಓರೆಯಾಗಿ ನಿಂತರೆ ಅನಿಲವು ಕೋವಿಯನ್ನು ಒಂದು ಪಕ್ಕಕ್ಕೆ ತಳ್ಳುವುದು. ಕೆಳಗೆ ರಂಧ್ರವಿದ್ದರೆ ಮಲಗಿ ಗುರಿಯಿಡುವವನ ಮುಂದೆ ಧೂಳೇಳುವುದು. ಅಂಗುಲಕ್ಕೆ 24 ಸುತ್ತುಗಳುಳ್ಳ ತಿರುಪು ಒಂದು ಪೂರ್ಣಾವರ್ತಕ್ಕೆ 1.058 ಮಿಲಿಮೀಟರ್ ಮುಂದುವರಿಯುತ್ತದೆ. ಆದಕಾರಣ ಕಾಲು ಸುತ್ತು ಮೊದಲೇ ನಿಲ್ಲಿಸಬೇಕಾದರೆ ಸುಮಾರು 0.26 ಮಿಲಿಮೀಟರ್ ದಪ್ಪದ ಉಕ್ಕಿನ ಬಿಲ್ಲೆಯನ್ನು ನಡುವೆ ಇಡಬೇಕು. ಬಿಲ್ಲೆಯ ಎರಡು ಮುಖಗಳೂ ಸಮಾನಾಂತರವಾಗಿರತಕ್ಕದ್ದು. ಇಲ್ಲವಾದರೆ ದಿಕ್ಕನ್ನು ಸರಿಪಡಿಸಹೋಗಿ ಸಮಾಕ್ಷತೆಯನ್ನೇ ಕೆಡಿಸಿದಂತಾಗುವುದು. ಒತ್ತಿದರೆ ಜಜ್ಜಿಕೊಳ್ಳುವ ಬಿಲ್ಲೆಗಳು ಸಮವಾಗಿ ಜಜ್ಜಿಕೊಳ್ಳುವುವೆಂಬ ಭರವಸೆಯಿಲ್ಲವಾದ್ದರಿಂದ ಸೂಕ್ಷ್ಮವಾದ ಕೆಲಸಕ್ಕೆ ಅವು ತಕ್ಕವಲ್ಲ.

ದಿಕ್ಕಿನ ಓರೆಯು ಎಲ್ಲೆಡೆಯೂ ದೋಷವೆಂದು ಹೇಳಲಾಗದು. 1959ರಲ್ಲಿ ಸೋವಿಯತ್ ಸೇನೆಯು ಅಂಗೀಕರಿಸಿದ ಎ.ಕೆ.ಎಂ. ಕೋವಿಯ ತುದಿಯಲ್ಲಿ ಓರೆಯಾಗಿ ಕತ್ತರಿಸಿದ ಒಂದು ಮೂತಿಯುಂಟು. ಬಲಗೈಯವನ ಹಿಡಿತದಲ್ಲಿ ಆ ಕೋವಿಯು ಮೇಲಕ್ಕೂ ಬಲಕ್ಕೂ ಏಳುವುದು; ಅನಿಲವು ಆ ಮೂತಿಯ ತುಟಿಗೆ ತಾಗಿ ಅದನ್ನು ಕೆಳಕ್ಕೂ ಎಡಕ್ಕೂ ಒತ್ತುವುದು. ಅಲ್ಲಿ ಓರೆಯೇ ಗುಣವು. ಆದರೆ ಅದೂ ನಿಯತವಾದ ಓರೆಯಾಗಿರಬೇಕು. ಮೂತಿಯು ತಿರುಗದಂತೆ ಅದನ್ನು ಹಿಡಿದಿಡಲು ಒಂದು ಚಿಕ್ಕ ಗೂಟವನ್ನು ಅಲ್ಲಿ ಇಟ್ಟಿರುವುದು ಇದಕ್ಕಾಗಿಯೇ.

ಮುಖರೋಧಕಕ್ಕೆ ಒಂದು ದೋಷವೂ ಉಂಟು. ಪಕ್ಕಕ್ಕೂ ಹಿಂದಕ್ಕೂ ತಿರುಗಿದ ಅನಿಲದೊಡನೆ ಶಬ್ದವೂ ಅತ್ತಲೇ ತಿರುಗಿ, ಹಾರಿಸುವವನ ಮತ್ತು ಪಕ್ಕದವರ ಕಿವಿಗೆ ಹಾನಿಯುಂಟಾಗುವುದು. ಹೆಗಲಿಗೆ ಉಳಿದ ಪೆಟ್ಟು ಹೀಗೆ ಕಿವಿಗೆ ಬೀಳುವುದರಿಂದ, ರೋಧಕವನ್ನು ಬಳಸುವವನು ತನ್ನ ಕಿವಿಯೊಡನೆ ನೆರೆಯವನ ಕಿವಿಯನ್ನೂ ಕಾಯತಕ್ಕದ್ದು.